ದುಬೈನ ಬನ್ನಿ ಮರದಲ್ಲಿ ಕಂಡ ಕೀಚುಗ

ಏಪ್ರಿಲ್ ರಜೆಯಲ್ಲಿ ದುಬೈನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಹೋದ ಮೂರನೇ ದಿನ ಅವಳ ಮಗಳು ಬಂದು, “ದೊಡ್ಡಮ್ಮ, ನಿಮಗೆ ಮಾಲ್ ಬೇಡ ಅಂತ ಗೊತ್ತು. ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಏಳ್ತೀರಾ?” ಎಂದು ಕೇಳಿದಳು. ಬಿಸಿಲೇರುವ ಮೊದಲೇ ಮುಶ್ರಿಫ್ ಪಾರ್ಕಿನೊಳಗೆ ಇರಬೇಕೆಂಬುದು ಅವಳ ಲೆಕ್ಕ. ನನ್ನ ಹಳೆಯ ದುರ್ಬೀನು, ಅವಳ ಕ್ಯಾಮೆರಾ, ತಂಗಿ ಕಟ್ಟಿಕೊಟ್ಟ ಚಪಾತಿ ಸುರುಳಿ. ಹೊರಟೆವು.

ಪಾರ್ಕ್ ಅಂದಾಗ ನನ್ನ ಕಣ್ಣಿಗೆ ಬಂದದ್ದು ಹುಲ್ಲುಹಾಸು, ಕಾರಂಜಿ. ಒಳಗೆ ಸ್ವಲ್ಪ ದೂರ ನಡೆದದ್ದೇ ತಡ, ಹುಲ್ಲು ಮುಗಿದು ಮರಳು ಶುರುವಾಯಿತು. ಮರಳಿನ ತುಂಬ ಅಲ್ಲೊಂದು ಇಲ್ಲೊಂದು ನಿಂತ ಗಂಟುಗಂಟು ಮರಗಳು. ಅಲ್ಲಿಯವರು ಅದನ್ನು ಗಾಫ್ ಎನ್ನುತ್ತಾರೆ. ಅದು ಸಂಯುಕ್ತ ಅರಬ್ ಎಮಿರೇಟ್ಸಿನ ರಾಷ್ಟ್ರೀಯ ವೃಕ್ಷ. 2008ರಲ್ಲಿ ಆ ಗೌರವ ಸಿಕ್ಕಿತು. ಕೊಂಬೆಯೊಂದನ್ನು ಬಗ್ಗಿಸಿ ನೋಡಿದೆ. ಸಣ್ಣ ಸಣ್ಣ ಎಲೆ, ಗಿಡ್ಡ ಮುಳ್ಳು, ತುದಿಯಲ್ಲಿ ತೆಳು ಹಳದಿ ಹೂಗೊಂಚಲು. ಇದು ಬನ್ನಿ! ಸಸ್ಯಶಾಸ್ತ್ರದ ಪುಸ್ತಕದಲ್ಲೂ ಎರಡೂ ಒಂದೇ ಮರ, ಪ್ರೊಸೋಪಿಸ್ ಸಿನೆರೇರಿಯಾ. ವಿಜಯದಶಮಿಯ ದಿನ ಮೈಸೂರಿನ ಬನ್ನಿಮಂಟಪದಲ್ಲಿ ಪೂಜೆಗೊಳ್ಳುವ ಮರವೇ ಇಲ್ಲಿ ಒಂಟೆಗೆ ಮೇವು, ನೆರಳು. ತುಸು ಆಚೆ ದೀಪದ ಕಂಬದ ಮೇಲೆ ನೀಲಕಂಠ, ನಮ್ಮ ರಾಜ್ಯಪಕ್ಷಿ, ಬಾಲ ಅಲುಗಿಸುತ್ತ ಕೂತಿತ್ತು. ಪೊದೆಯೊಳಗಿಂದ ಗೌಜಲಹಕ್ಕಿಯ ಕೂಗು. ಕಣ್ಣು ಮುಚ್ಚಿ ಕೇಳಿದ್ದರೆ ಚಿತ್ರದುರ್ಗದ ಕಡೆಯ ಯಾವುದೋ ಹೊಲದಂಚು ಎಂದುಕೊಳ್ಳುತ್ತಿದ್ದೆ.

ಅದೇ ಹೊತ್ತಿಗೆ ಹುಡುಗಿ ಪಿಸುಗುಟ್ಟಿದಳು: “ದೊಡ್ಡಮ್ಮ, ಎಡಗಡೆ, ಒಣಗಿದ ಕೊಂಬೆ ತುದಿ. ನಮ್ಮ ಕುಕ್ಕರಹಳ್ಳಿ ಹಕ್ಕಿ!”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಚಿಕ್ಕಂದಿನಲ್ಲಿ ರಜೆಗೆ ಬಂದಾಗಲೆಲ್ಲ ಅವಳನ್ನು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕರೆದೊಯ್ಯುತ್ತಿದ್ದೆ. ಅಲ್ಲಿ ಚಳಿಗಾಲದಲ್ಲಿ ಬೇಲಿಯ ತುದಿಗೆ ಒಂಟಿಯಾಗಿ ಕೂತು ಕರಕರನೆ ಗದರಿಸುವ ಕಂದು ಕೀಚುಗ ಅವಳು ಹೆಸರು ಕಲಿತ ಮೊದಲ ಹಕ್ಕಿಗಳಲ್ಲಿ ಒಂದು. ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ದೊಡ್ಡ ತಲೆ, ಕಣ್ಣಿಗೆ ಕಳ್ಳನ ಹಾಗೆ ಕಟ್ಟಿದ ಕಪ್ಪು ಪಟ್ಟಿ, ಉದ್ದ ಬಾಲ, ನೆಟ್ಟಗೆ ಕೂರುವ ಠೀವಿ. ಇವೆಲ್ಲ ಆ ಬನ್ನಿ ಮರದ ಮೇಲಿನ ಹಕ್ಕಿಗೂ ಇದ್ದವು. ಆದರೆ ಅದು ಕಂದು ಕೀಚುಗವಲ್ಲ ಎನ್ನುವುದು ಅರ್ಧ ನಿಮಿಷದಲ್ಲಿ ಖಾತ್ರಿಯಾಯಿತು. ಏನು ಎನ್ನುವುದು ಖಾತ್ರಿಯಾಗಲು ಹತ್ತು ದಿನ ಹಿಡಿಯಿತು.

ಕೀಚುಗಗಳ ಬಗ್ಗೆ ಎರಡು ಮಾತು. ಹಾಡುಹಕ್ಕಿಗಳ ಬಳಗಕ್ಕೆ ಸೇರಿಯೂ ಇವು ಬೇಟೆಗಾರರು. ಕೊಕ್ಕಿನ ತುದಿ ಗಿಡುಗನದರಂತೆ ಕೊಕ್ಕೆ, ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಮೊನೆ. ಕಾಲು ಮಾತ್ರ ಗುಬ್ಬಚ್ಚಿಯ ಕಾಲಿನಷ್ಟೇ ಬಡಪಾಯಿ. ಬೇಟೆಯನ್ನು ಅದುಮಿ ಹಿಡಿದು ಸಿಗಿಯಲು ಅದರಿಂದಾಗದು. ಹಾಗಾಗಿ ಮಿಡತೆ, ಓತಿಕೇತ, ಇಲಿಮರಿ ಏನು ಸಿಕ್ಕರೂ ಮುಳ್ಳಿಗೆ ಚುಚ್ಚಿ ನೇತುಹಾಕಿ ಹರಿದು ತಿನ್ನುತ್ತವೆ. ಕಟುಕ ಹಕ್ಕಿ ಎಂಬ ಹೆಸರು ಬಂದದ್ದು ಹೀಗೆ. ಶಾಸ್ತ್ರೀಯ ಹೆಸರಿನ ಲೇನಿಯಸ್ ಎಂಬ ಲ್ಯಾಟಿನ್ ಪದಕ್ಕೂ ಕಟುಕ ಎಂದೇ ಅರ್ಥ. ಅಮೆರಿಕದ ಲಾಗರ್‌ಹೆಡ್ ಕೀಚುಗ ಇಲಿಯ ಕುತ್ತಿಗೆ ಕಚ್ಚಿ ಸೆಕೆಂಡಿಗೆ 11 ಸಲ ಒದರುತ್ತದೆಂದು 2018ರಲ್ಲಿ ವಿಜ್ಞಾನಿಗಳು ಅಳೆದರು. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ರೂವೆನ್ ಯೋಸೆಫ್ 1980ರ ದಶಕದಲ್ಲಿ ನಡೆಸಿದ ಅಧ್ಯಯನ ನನಗೆ ಇನ್ನೂ ಇಷ್ಟ. ಗಂಡು ಮುಳ್ಳಿಗೆ ಸಿಕ್ಕಿಸಿಟ್ಟ ದಾಸ್ತಾನು ದೊಡ್ಡದಾದಷ್ಟೂ ಅದಕ್ಕೆ ಬೇಗ ಜೋಡಿ ಸಿಗುತ್ತಿತ್ತು. ದಾಸ್ತಾನನ್ನು ತೆಗೆದುಬಿಟ್ಟರೆ ಹೆಣ್ಣು ಬರುತ್ತಲೇ ಇರಲಿಲ್ಲ.

ನಮ್ಮ ಹಕ್ಕಿಯ ವಿಷಯಕ್ಕೆ ಬರುತ್ತೇನೆ. ಕಂದು ಕೀಚುಗವಲ್ಲ ಎಂದದ್ದೇಕೆ? ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿ ಚುಕ್ಕೆ ಇತ್ತು. ಕಂದು ಕೀಚುಗಕ್ಕೆ ಅದು ಇರುವುದಿಲ್ಲ. ಅದರ ಕೊಕ್ಕು ಇನ್ನೂ ದಪ್ಪ, ಬಾಲದ ಗರಿಗಳು ಇನ್ನೂ ಕಿರಿದು. ಜೊತೆಗೆ ಮಡಿಸಿದ ರೆಕ್ಕೆಯ ತುದಿಯನ್ನು ನೋಡಬೇಕು. ಕಂದು ಕೀಚುಗದಲ್ಲಿ ಹಾರುಗರಿಗಳ ತುದಿ ಒಳಗರಿಗಳಾಚೆ ಸ್ವಲ್ಪವೇ ಚಾಚಿರುತ್ತದೆ. ಈ ಹಕ್ಕಿಯ ತುದಿ ಉದ್ದ, ಚೂಪು. ದೂರ ಹಾರುವ ಹಕ್ಕಿಯ ರೆಕ್ಕೆ.

ಹಾಗಾದರೆ ಉಳಿದದ್ದು ಮೂರು. ಮೊದಲನೆಯದು ಯುರೋಪಿನಿಂದ ಪಶ್ಚಿಮ ಸೈಬೀರಿಯದವರೆಗೆ ಗೂಡುಕಟ್ಟುವ ಕೆಂಬೆನ್ನಿನ ಕೀಚುಗ. ಎರಡನೆಯದು ಕಜಕಸ್ತಾನ, ಉಜ್ಬೇಕಿಸ್ತಾನ, ಇರಾನ್, ಆಫ್ಘಾನಿಸ್ತಾನಗಳ ಕೆಂಬಾಲದ ಕೀಚುಗ. ತುರ್ಕಿಸ್ತಾನ್ ಕೀಚುಗ ಎಂದೂ ಕರೆಯುತ್ತಾರೆ. ಮೂರನೆಯದು ಮಂಗೋಲಿಯ, ಉತ್ತರ ಚೀನಾದ ಕಡೆಯಿಂದ ಬರುವ, ಮೈಯೆಲ್ಲ ಮರಳಿನ ಬಣ್ಣದ ಇಸಬೆಲಿನ್ ಕೀಚುಗ. ಈ ಮೂರನೆಯದು ನಮ್ಮ ರಾಜಸ್ಥಾನ, ಗುಜರಾತುಗಳಿಗೂ ಚಳಿಗಾಲದಲ್ಲಿ ಬರುತ್ತದೆ. ಮೂರೂ ಹೆಚ್ಚೂಕಡಿಮೆ ಒಂದು ಗೇಣುದ್ದ, ಮೂರೂ ಅರೇಬಿಯದ ಮೇಲೆ ಹಾದುಹೋಗುತ್ತವೆ. ಕೆಂಬೆನ್ನಿನ ಕೀಚುಗದ ದಾರಿಯಂತೂ ಸೋಜಿಗ. ಬೆನ್ನಿಗೆ ಪುಟ್ಟ ಸಾಧನ ಕಟ್ಟಿ ಬಿಟ್ಟ ಸ್ಕ್ಯಾಂಡಿನೇವಿಯದ ಹಕ್ಕಿಗಳು ಆಫ್ರಿಕದ ದಕ್ಷಿಣಕ್ಕೆ ಹೋಗುವಾಗ ಒಂದು ದಾರಿ, ವಸಂತದಲ್ಲಿ ಮರಳುವಾಗ ಇನ್ನೊಂದು ದಾರಿ ಹಿಡಿದವು. ಮರಳುವ ದಾರಿ ಸೊಮಾಲಿಯದ ಕೊಂಬಿನಿಂದ ಅರೇಬಿಯ ದಾಟಿ ಸುತ್ತಿ ಬರುತ್ತದೆ. ನಾವು ನಿಂತದ್ದು ಏಪ್ರಿಲ್‌ನಲ್ಲಿ, ಸರಿಯಾಗಿ ಆ ದಾರಿಯ ಮೇಲೆ.

ಗಂಡುಗಳಲ್ಲಿ ಈ ಮೂರನ್ನು ಬೇರೆ ಮಾಡುವುದು ಪುಸ್ತಕದಲ್ಲಿ ಸುಲಭ. ಕೆಂಬೆನ್ನಿನದಕ್ಕೆ ಬೂದು ನೆತ್ತಿ, ಇಟ್ಟಿಗೆ ಬಣ್ಣದ ಬೆನ್ನು, ನಸುಗುಲಾಬಿ ಎದೆ, ಕಪ್ಪು ಬಾಲ, ಬಾಲದ ಬುಡದ ಎರಡೂ ಪಕ್ಕ ಅಚ್ಚ ಬಿಳಿ. ಕೆಂಬಾಲದ್ದಕ್ಕೆ ಕೆಂಚು ನೆತ್ತಿ, ಬೂದುಗಂದು ಬೆನ್ನು, ಬಿಳಿ ಹುಬ್ಬು, ಬಿಳಿ ಎದೆ, ರೆಕ್ಕೆಯಲ್ಲಿ ಬಿಳಿ ಚುಕ್ಕೆ, ಕಾವಿ ಬಣ್ಣದ ಬಾಲ. ಇಸಬೆಲಿನ್‌ಗೆ ನೆತ್ತಿ ಬೆನ್ನುಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಹೊಟ್ಟೆಗೂ ಹುಬ್ಬಿಗೂ ಮರಳಿನ ಛಾಯೆ, ಬಾಲ ಕಾವಿ.

ಮರದ ಮೇಲಿನ ಹಕ್ಕಿ ಈ ಮೂರರ ಯಾವ ಪುಟಕ್ಕೂ ಕೂರಲಿಲ್ಲ.

ನೆತ್ತಿ ಬೂದು, ಆದರೆ ಹಣೆಯ ಹತ್ತಿರ ಕೆಂಚು ಸವರಿದಂತಿತ್ತು. ಬೆನ್ನು ಕಂದು, ಅದರ ಕೆಳಭಾಗದಲ್ಲಿ ಇಟ್ಟಿಗೆ ಬಣ್ಣದ ಸುಳಿವು. ಕಪ್ಪು ಪಟ್ಟಿಯ ಮೇಲೆ ಬಿಳಿ ಹುಬ್ಬು ಸ್ಪಷ್ಟ. ರೆಕ್ಕೆಯಲ್ಲಿ ಆ ಚುಕ್ಕೆ. ಪಕ್ಕೆಗಳಲ್ಲಿ ಗುಲಾಬಿ ಇದೆಯೋ ಇಲ್ಲವೋ ಎಂಬಷ್ಟು. ಬಾಲ ಮಡಿಸಿಕೊಂಡಿತ್ತು, ಮೇಲಿನಿಂದ ಕಂಡದ್ದು ಬರೀ ಕಪ್ಪುಗಂದು. ‘ಕೆಂಬೆನ್ನಿನ ಕೀಚುಗ’ ಎಂದು ಬರೆದುಕೊಂಡೆ. ಐದು ನಿಮಿಷದ ನಂತರ ಅದನ್ನು ಹೊಡೆದುಹಾಕಿ ‘ಕೆಂಬಾಲದ ಕೀಚುಗ’ ಎಂದೆ. ಮತ್ತೆ ಹೊಡೆದೆ.

ಮರುಭೂಮಿಯಲ್ಲಿ ಬಣ್ಣ ನೋಡುವುದು ಕಷ್ಟದ ಕೆಲಸ ಎನ್ನುವುದು ಅಲ್ಲಿ ನಿಂತಾಗಲೇ ತಿಳಿದದ್ದು. ಸೂರ್ಯ ಹುಟ್ಟಿದ ಹೊಸತರಲ್ಲಿ ಮರಳೇ ಕೆಂಪು, ಅದರ ಮೇಲೆ ಬಿದ್ದು ಚಿಮ್ಮಿದ ಬೆಳಕೂ ಕೆಂಪು. ಆ ಬೆಳಕಿನಲ್ಲಿ ಹಕ್ಕಿಯ ಎದೆಯೂ ಬೆನ್ನೂ ಕಾವಿ ಬಳಿದಂತೆ ಕಂಡವು. ಮುಕ್ಕಾಲು ಗಂಟೆ ಕಳೆದು ಬೆಳಕು ಬೆಳ್ಳಗಾದಾಗ ಕಾವಿಯ ಅರ್ಧಪಾಲು ಕರಗಿತ್ತು, ಬೂದು ಮೇಲೆ ಬಂದಿತ್ತು. ಸಾಲದ್ದಕ್ಕೆ ಗರಿ ಹಳತಾದಂತೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ನೋಡಿ ಹೆಸರು ಹೇಳುವ ಮೊದಲು ಬೆಳಕು ಯಾವುದು, ಗರಿಯ ವಯಸ್ಸೇನು ಎಂದು ಕೇಳಿಕೊಳ್ಳಬೇಕು. ಆಕಾರ ಅಷ್ಟು ಬೇಗ ಮೋಸ ಮಾಡುವುದಿಲ್ಲ. ಕಲಾವಿದ ಟಿಮ್ ವರ್ಫೋಕ್ 2000ದಲ್ಲಿ ‘ಡಚ್ ಬರ್ಡಿಂಗ್’ ಪತ್ರಿಕೆಯಲ್ಲಿ ಈ ಕೀಚುಗಗಳನ್ನು ಗುರುತಿಸುವ ಬಗೆಯ ಮೇಲೆ ಬರೆದ ದೀರ್ಘ ಲೇಖನವನ್ನು ಹಕ್ಕಿವೀಕ್ಷಕರು ಇಂದಿಗೂ ತೆರೆದು ನೋಡುತ್ತಾರೆ. ರೆಕ್ಕೆ, ಬಾಲ, ಕೊಕ್ಕುಗಳ ಅಳತೆಯನ್ನೂ ಬಣ್ಣದಷ್ಟೇ ಶ್ರದ್ಧೆಯಿಂದ ಗಮನಿಸಿದ ಬರಹ ಅದು.

ಏಳು ಗಂಟೆಯ ಹೊತ್ತಿಗೆ ಹಕ್ಕಿ ಮರಳಿಗೆ ಧುಮುಕಿತು. ಒಂದು ಜೀರುಂಡೆಯನ್ನು ಕಚ್ಚಿ ಮೇಲೇಳುವಾಗ, ಕೊಂಬೆಗೆ ಇಳಿಯುವ ಕ್ಷಣದಲ್ಲಿ, ತೂಕ ಹಿಡಿಯಲು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿತು. ನನಗೆ ಕಂಡದ್ದು ಒಂದು ಮಿಂಚು. ಆದರೆ ಹುಡುಗಿ ಕ್ಯಾಮೆರಾದ ಗುಂಡಿ ಒತ್ತಿ ಹಿಡಿದಿದ್ದಳು. ಅಂದು ತೆಗೆದ ನೂರಾರು ಚಿತ್ರಗಳಲ್ಲಿ ಬಾಲ ಬಿಚ್ಚಿದ್ದು ಎರಡರಲ್ಲಿ ಮಾತ್ರ. ನಮ್ಮ ಪ್ರಶ್ನೆಗೆ ಉತ್ತರವಿದ್ದದ್ದು ಆ ಎರಡರಲ್ಲೇ.

ಮನೆಗೆ ಬಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ದೊಡ್ಡದು ಮಾಡಿ ನೋಡಿದೆವು. ನಡುವಿನ ಗರಿಗಳು ಕಪ್ಪುಗಂದು. ಪಕ್ಕದ ಗರಿಗಳ ಬುಡದಲ್ಲಿ ಕೆಂಬೆನ್ನಿನದಕ್ಕೆ ಇರಬೇಕಾದ ಅಚ್ಚ ಬಿಳಿಯ ಜಾಗದಲ್ಲಿ ಮಾಸಲು ಕಾವಿ, ತುದಿಯತ್ತ ಕಪ್ಪು ಹೊಗೆಯಾಡಿದಂತೆ. ಪೂರಾ ಕಾವಿ ಬಾಲವಲ್ಲ. ಕಪ್ಪು ಬಿಳುಪಿನ ಬಾಲವೂ ಅಲ್ಲ. “ದೊಡ್ಡಮ್ಮ, ಇದು ಎರಡೂ ಆಗಿರಬಹುದಲ್ವಾ?” ಎಂದಳು ಹುಡುಗಿ. ಆಗಿರಬಹುದು.

ಈ ಗುಂಪಿನ ಹೆಸರುಗಳ ಚರಿತ್ರೆಯೇ ಗೊಂದಲದ್ದು. 1758ರಲ್ಲಿ ಲಿನೇಯಸ್ ನಮ್ಮ ಕಂದು ಕೀಚುಗಕ್ಕೆ ಕ್ರಿಸ್ಟೇಟಸ್, ಅಂದರೆ ಜುಟ್ಟಿನ ಹಕ್ಕಿ, ಎಂದು ಹೆಸರಿಟ್ಟ. ಅದಕ್ಕೆ ಜುಟ್ಟಿಲ್ಲ. ಬಂಗಾಳದಿಂದ ಹೋದ ಹಕ್ಕಿಯೊಂದರ ಚಿತ್ರವನ್ನು ನಂಬಿ ಇಟ್ಟ ಹೆಸರು ಅದು. ಇಸಬೆಲಿನ್‌ನ ಕಥೆ ಇನ್ನೂ ಉದ್ದ, ಅದರಲ್ಲಿ ದುಃಖವೂ ಇದೆ. 1820ರಲ್ಲಿ ವಿಲ್‌ಹೆಲ್ಮ್ ಹೆಂಪ್ರಿಚ್ ಮತ್ತು ಕ್ರಿಸ್ಟಿಯಾನ್ ಏರೆನ್‌ಬರ್ಗ್ ಎಂಬ ಇಬ್ಬರು ಜರ್ಮನ್ ಗೆಳೆಯರು ಈಜಿಪ್ಟ್, ಅರೇಬಿಯದ ಕಡೆ ಮಾದರಿಗಳನ್ನು ಸಂಗ್ರಹಿಸಲು ಹೊರಟರು. ಜ್ವರ ತಂಡದವರಲ್ಲಿ ಒಬ್ಬೊಬ್ಬರನ್ನೇ ತಿಂದಿತು. ಹೆಂಪ್ರಿಚ್ 1825ರಲ್ಲಿ ಕೆಂಪು ಸಮುದ್ರದ ಮಸ್ಸಾವ ಬಂದರಿನಲ್ಲಿ ತೀರಿಕೊಂಡ. ಏರೆನ್‌ಬರ್ಗ್ ಊರಿಗೆ ಮರಳಿದ. ಅವರು ಅರೇಬಿಯದ ಕುನ್ಫುದಾ ಎಂಬ ಕರಾವಳಿ ಊರಿನಲ್ಲಿ ಸಂಗ್ರಹಿಸಿದ ಒಂದು ಮರಳು ಬಣ್ಣದ ಕೀಚುಗಕ್ಕೆ 1833ರಲ್ಲಿ ಇಸಬೆಲಿನಸ್ ಎಂಬ ಹೆಸರು ಅಚ್ಚಾಯಿತು. ಏರೆನ್‌ಬರ್ಗ್ ತನ್ನ ಹೆಸರಿನ ಜೊತೆ ಸತ್ತ ಗೆಳೆಯನ ಹೆಸರನ್ನೂ ಉಳಿಸಿಕೊಂಡ.

ಆ ಹಕ್ಕಿ ಕುನ್ಫುದಾದ್ದಲ್ಲ. ಅದು ವಲಸೆಗಾರ, ಎಲ್ಲಿಂದಲೋ ಬಂದು ಅಲ್ಲಿ ಸಿಕ್ಕಿದ್ದು. ಅದರ ಹುಟ್ಟೂರು ಮಂಗೋಲಿಯವೋ, ಚೀನಾದ ತಾರಿಮ್ ಬಯಲೋ? ಇಸಬೆಲಿನಸ್ ಎಂಬ ಹೆಸರು ಯಾವ ಊರಿನ ಹಕ್ಕಿಗೆ ಸಲ್ಲಬೇಕು? ಪಕ್ಷಿತಜ್ಞರು ಈ ಪ್ರಶ್ನೆಯನ್ನು ಒಂದೂವರೆ ಶತಮಾನಕ್ಕೂ ಮೇಲ್ಪಟ್ಟು ಚರ್ಚಿಸಿದರು. ಬರ್ಲಿನ್ ಮ್ಯೂಸಿಯಮ್ಮಿನ ಹಳೆಯ ತೊಗಲುಗಳನ್ನು ಮತ್ತೆ ಮತ್ತೆ ಹೊರತೆಗೆದು ನೋಡಿದರು. 2000ದಲ್ಲಿ ಡೇವಿಡ್ ಪಿಯರ್ಸನ್ ಅದು ಮಂಗೋಲಿಯದ ಕಡೆಯ ಹಕ್ಕಿಯೆಂದು ವಾದಿಸಿದ ಮೇಲೂ ಚರ್ಚೆ ನಿಲ್ಲಲಿಲ್ಲ. ಒಂದು ಕಾಲಕ್ಕೆ ಕಂದು, ಕೆಂಬೆನ್ನಿನ, ಇಸಬೆಲಿನ್ ಎಲ್ಲವೂ ಒಂದೇ ಜಾತಿ ಎಂದು ಪುಸ್ತಕಗಳಲ್ಲಿ ಬರೆದಿದ್ದರು. ಆಮೇಲೆ ಬಿಡಿಸಿದರು. ಇಸಬೆಲಿನ್ ಮತ್ತು ಕೆಂಬಾಲದ್ದು ಬೇರೆ ಬೇರೆ ಎಂಬುದು ಪಟ್ಟಿಗಳಲ್ಲಿ ನೆಲೆಯಾದದ್ದು ಈಚಿನ ವರ್ಷಗಳಲ್ಲಿ.

ಇಸಬೆಲಿನ್ ಎಂಬ ಬಣ್ಣದ ಹೆಸರಿಗೂ ಒಂದು ಕಥೆ ಕಟ್ಟಿದ್ದಾರೆ. ಇಸಬೆಲ್ಲಾ ಎಂಬ ರಾಜಮನೆತನದ ಹೆಂಗಸು ಓಸ್ಟೆಂಡ್ ಕೋಟೆ ಬೀಳುವವರೆಗೂ ಒಳಬಟ್ಟೆ ಬದಲಿಸುವುದಿಲ್ಲವೆಂದು ಶಪಥ ಮಾಡಿದಳಂತೆ, ಮುತ್ತಿಗೆ ವರ್ಷಗಟ್ಟಲೆ ಎಳೆಯಿತಂತೆ, ಬಟ್ಟೆಗೆ ಬಂದ ಬಣ್ಣವೇ ಇದಂತೆ. ಆ ಮುತ್ತಿಗೆ ಶುರುವಾದದ್ದು 1601ರಲ್ಲಿ. ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್‌ಳ ಉಡುಪುಗಳ 1600ರ ಪಟ್ಟಿಯಲ್ಲಿ ಆಗಲೇ ಇಸಬೆಲ್ಲಾ ಬಣ್ಣದ ಗೌನು ಇದೆ. ಕಥೆ ಸುಳ್ಳು. ಹೆಣ್ಣೊಬ್ಬಳ ಮೇಲೆ ಹೊರಿಸಿದ ಈ ಕೊಳೆಯ ಕಥೆಯನ್ನು ಹಕ್ಕಿ ಪುಸ್ತಕಗಳು ಇನ್ನೂ ಹೇಳುತ್ತಿರುವುದು ನನಗೆ ಹಿಡಿಸುವುದಿಲ್ಲ.

ಅಪರೂಪದ ಹಕ್ಕಿ ಕಂಡಾಗ ಹೊಸ ಹೆಸರಿಡುವ ಆಸೆ ತಜ್ಞರನ್ನೂ ಬಿಟ್ಟಿಲ್ಲ. 1988ರಲ್ಲಿ ಸೊಮಾಲಿಯದ ಬುಲೊ ಬುರ್ತಿ ಎಂಬ ಊರಿನ ಆಸ್ಪತ್ರೆಯ ಅಂಗಳದಲ್ಲಿ ಕಪ್ಪು, ಬಿಳಿ, ಹಳದಿ ಬೆರೆತ ಒಂದು ಹಕ್ಕಿ ಕಂಡಿತು. ಪೊದೆ ಕೀಚುಗಗಳ ಗುಂಪಿನದು. ಆಗ ಅವನ್ನೂ ಕೀಚುಗಗಳ ಕುಟುಂಬಕ್ಕೇ ಸೇರಿಸಿದ್ದರು. ಅಂಥ ಹಕ್ಕಿಯನ್ನು ಯಾರೂ ನೋಡಿರಲಿಲ್ಲ. ಹೊಸ ಜಾತಿ ಎಂದು ದಾಖಲಿಸಬೇಕಾದರೆ ಕೊಂದು ತೊಗಲನ್ನು ಮ್ಯೂಸಿಯಮ್ಮಿನಲ್ಲಿಡುವುದು ರೂಢಿ. ಅಧ್ಯಯನಕ್ಕಿಳಿದ ವಿಜ್ಞಾನಿಗಳು ಅದನ್ನು ಕೊಲ್ಲಲಿಲ್ಲ. ಹಿಡಿದು ಸಾಕಿ, ರಕ್ತ, ಗರಿಗಳನ್ನು ತೆಗೆದುಕೊಂಡು, 1990ರಲ್ಲಿ ಬಲ್‌ಅದ್ ಎಂಬಲ್ಲಿನ ರಕ್ಷಿತ ಪ್ರದೇಶದಲ್ಲಿ ಹಾರಿಬಿಟ್ಟರು. ಮರುವರ್ಷ ಡಿಎನ್‌ಎ ಆಧಾರದಲ್ಲಿ ಅದಕ್ಕೆ ಲಿಬರೇಟಸ್, ಬಿಡುಗಡೆಯಾದದ್ದು, ಎಂದು ಹೆಸರಿಟ್ಟರು. ಆಮೇಲೆ ಅಂಥ ಇನ್ನೊಂದು ಹಕ್ಕಿ ಸಿಗಲಿಲ್ಲ. 2008ರಲ್ಲಿ ಬೇರೆ ವಿಜ್ಞಾನಿಗಳು ಹೆಚ್ಚು ಮಾದರಿಗಳ ಡಿಎನ್‌ಎ ಹೋಲಿಸಿದಾಗ ಅದು ಅಲ್ಲಿಯದೇ ಪರಿಚಿತ ಜಾತಿಯೊಂದರ ಬೇರೆ ಬಣ್ಣದ ಹಕ್ಕಿಯೆಂದು ತಿಳಿಯಿತು. ಇದನ್ನು ನಾನು ಸೋಲು ಎನ್ನಲಾರೆ. ರಕ್ತ, ಗರಿ, ವಿವರ ಎಲ್ಲ ಜೋಪಾನವಾಗಿದ್ದದ್ದರಿಂದಲೇ ಹದಿನೇಳು ವರ್ಷದ ಮೇಲೆ ತಿದ್ದುವುದಕ್ಕೆ ಸಾಧ್ಯವಾಯಿತು. ಹಕ್ಕಿಯೂ ಬದುಕಿ ಹೋಯಿತು.

ನಮ್ಮ ಹಕ್ಕಿಗೆ ಹೆಚ್ಚು ಹತ್ತಿರದ ಉದಾಹರಣೆ ಕ್ಯಾಲಿಫೋರ್ನಿಯದ್ದು. 2015ರ ವಸಂತದಲ್ಲಿ ಅಲ್ಲಿನ ಮೆಂಡೊಸಿನೊ ಕರಾವಳಿಯಲ್ಲಿ, ಇರಲೇಬಾರದ ಜಾಗದಲ್ಲಿ, ಏಷ್ಯಾದ ಕೀಚುಗವೊಂದು ಕಂಡಿತು. ಪೀಟರ್ ಪೈಲ್ ಮತ್ತು ಸಂಗಡಿಗರು ಚಿತ್ರಗಳ ಮೇಲೆ ಚಿತ್ರ ಇಟ್ಟು, ಒಂದೊಂದು ಗರಿಯನ್ನೂ ಹೋಲಿಸಿ, ಕೊನೆಗೆ ಅದು ಕೆಂಬೆನ್ನಿನ ಮತ್ತು ಕೆಂಬಾಲದ ಕೀಚುಗಗಳ ಮಿಶ್ರತಳಿ ಎಂಬ ತೀರ್ಮಾನಕ್ಕೆ ಬಂದರು. ಕಜಕಸ್ತಾನದ ಕಡೆ ಈ ಎರಡರ ಗೂಡಿನ ನೆಲಗಳು ಒಂದನ್ನೊಂದು ಹಾಯುತ್ತವೆ. ಅಲ್ಲಿ ಜೋಡಿಗಳು ಬೆರೆಯುತ್ತವೆ, ಮರಿಗಳು ಎರಡೂ ಕಡೆಯ ಗುರುತು ಹೊತ್ತು ಬೆಳೆಯುತ್ತವೆ. ಹಾಗೆ ಬೆಳೆದವೂ ಚಳಿಗೆ ಆಫ್ರಿಕಕ್ಕೆ ಹೋಗಿ, ಏಪ್ರಿಲ್‌ನಲ್ಲಿ ಅರೇಬಿಯದ ಮೇಲೆಯೇ ಮರಳಬೇಕು.

ಇದನ್ನು ಓದಿದ ಮೇಲೆ ಇನ್ನೆರಡು ಸಾಧ್ಯತೆಗಳನ್ನು ಪರೀಕ್ಷಿಸಿದೆವು. ಗಾಢ ಬಣ್ಣದ ಹೆಣ್ಣಾಗಿರಬಹುದೇ? ಎದೆಯ ಮೇಲೆ ಬಿಲ್ಲಿನಾಕಾರದ ಗೆರೆಗಳಿಲ್ಲ, ಕಣ್ಣಪಟ್ಟಿ ಕೊಕ್ಕಿನವರೆಗೂ ಕಪ್ಪು, ಗಂಡೇ. ಕೆಂಬಾಲದ ಕೀಚುಗದಲ್ಲಿ ಕರೆಲಿನಿ ಎಂದು ಕರೆಯುವ ಬೂದು ಮೈಯ ಹಕ್ಕಿಗಳಿವೆ, ಅದಿರಬಹುದೇ? ಅವುಗಳ ನೆತ್ತಿಯೂ ಬೂದಾಗಿರುತ್ತದೆ, ನಿಜ. ಆದರೆ ಅಂಥದ್ದಕ್ಕೆ ಬೆನ್ನಿನ ಕೆಳಗಿನ ಇಟ್ಟಿಗೆ ಬಣ್ಣ, ಪಕ್ಕೆಯ ಗುಲಾಬಿ, ಕಪ್ಪಾಡಿದ ಬಾಲ ಮೂರೂ ಒಟ್ಟಿಗೆ ಹೊಂದುವುದಿಲ್ಲ. ರೆಕ್ಕೆಯ ಬಿಳಿ ಚುಕ್ಕೆ, ಅಗಲವಾದ ಬಿಳಿ ಹುಬ್ಬು, ಬಾಲದ ಬುಡದ ಕಾವಿ ಒಬ್ಬ ಹಿರಿಯನ ಕಡೆಯಿಂದ. ಬೂದು ನೆತ್ತಿ, ಇಟ್ಟಿಗೆ ಬೆನ್ನು, ಗುಲಾಬಿ ಪಕ್ಕೆ, ಬಾಲದ ಕಪ್ಪು ಇನ್ನೊಬ್ಬ ಹಿರಿಯನ ಕಡೆಯಿಂದ. ನನ್ನ ತೀರ್ಮಾನ ಇದು: ಕೆಂಬೆನ್ನಿನ ಮತ್ತು ಕೆಂಬಾಲದ ಕೀಚುಗಗಳ ಮಿಶ್ರತಳಿಯ ಗಂಡು, ಬಹುಮಟ್ಟಿಗೆ ಖಚಿತ. ರಕ್ತ ಪರೀಕ್ಷೆಯಿಲ್ಲದೆ ಇದಕ್ಕಿಂತ ಗಟ್ಟಿಯಾಗಿ ಹೇಳಬಾರದು.

ಹುಡುಗಿಗೆ ಮೊದಲು ಸ್ವಲ್ಪ ಬೇಸರವಾಯಿತು. ಅವಳ ಪಟ್ಟಿಗೆ ಒಂದು ಹೊಸ ಹೆಸರು ಸೇರಬೇಕಿತ್ತು. ಆದರೆ ಇ-ಬರ್ಡ್‌ನಲ್ಲಿ ದಾಖಲೆ ಮಾಡುವಾಗ ಮಿಶ್ರತಳಿ ಎಂದು ಬರೆಯಲು, ಖಾತ್ರಿಯಿಲ್ಲದಾಗ ಎರಡು ಹೆಸರುಗಳ ನಡುವೆ ಓರೆಗೆರೆ ಹಾಕಿ ಬರೆಯಲು ಅವಕಾಶವಿದೆ. ಅವಳೇ ಕೂತು ಬರೆದಳು: ಸಮಯ, ಬೆಳಕು, ದೂರ, ನೆತ್ತಿ, ಬೆನ್ನು, ರೆಕ್ಕೆ, ಬಾಲ. ಬಾಲ ಬಿಚ್ಚಿದ ಎರಡು ಚಿತ್ರಗಳನ್ನೂ, ಅಷ್ಟೇನೂ ಚೆನ್ನಾಗಿ ಬಾರದ ಇನ್ನು ಎಂಟನ್ನೂ ಸೇರಿಸಿದಳು. ಅಂದು ಸಂಜೆ ಮತ್ತೆ ಪಾರ್ಕಿಗೆ ಹೋದೆವು. ಮರ ಇತ್ತು, ಹಕ್ಕಿ ಇರಲಿಲ್ಲ.

ಸೆಪ್ಟೆಂಬರ್ ಬಂದರೆ ಕಂದು ಕೀಚುಗಗಳು ನಮ್ಮ ಕೆರೆ ಏರಿ, ತೋಟದ ಬೇಲಿ, ಕಾಲೇಜು ಮೈದಾನಗಳಿಗೆ ಇಳಿಯುತ್ತವೆ, ಏಪ್ರಿಲ್‌ವರೆಗೂ ಇರುತ್ತವೆ. ಕರ್ನಾಟಕದಲ್ಲಿ ಹಕ್ಕಿ ನೋಡುವವರಲ್ಲಿ ನನ್ನದೊಂದು ಕೋರಿಕೆ. ನೂರು ಕಂದು ಕೀಚುಗಗಳನ್ನು ಚೆನ್ನಾಗಿ ನೋಡಿಡಿ. ಅವುಗಳ ನಡುವೆ ರೆಕ್ಕೆಯಲ್ಲಿ ಬಿಳಿ ಚುಕ್ಕೆಯಿರುವ, ಬಾಲ ಕಾವಿಯಿರುವ ಒಂದು ಕಂಡರೆ, ಪುಸ್ತಕ ತೆರೆಯುವ ಮೊದಲು ಕಂಡದ್ದನ್ನು ಬರೆದುಕೊಳ್ಳಿ, ಬಾಲ ಬಿಚ್ಚುವವರೆಗೂ ಕಾಯಿರಿ. ಮಸುಕಾಗಿದೆ, ಹೆಸರು ಸಿಗಲಿಲ್ಲ ಎಂದು ಆ ಚಿತ್ರಗಳನ್ನು ದಯವಿಟ್ಟು ಅಳಿಸಬೇಡಿ.